ಅಂಟಿನ ಬಟ್ಟಲು

ಮೈದಾಹಿಟ್ಟು, ಚಿಟಿಕೆ ಮೈಲುತುತ್ತ,
ಕುದಿಯುವ ನೀರು. ನನ್ನ ವಿದ್ಯೆ ಇಷ್ಟೇ.
ಪದ್ಮರಾಜಯ್ಯನವರ ಆಫೀಸಿನಲ್ಲಿ
ಮೂವತ್ತೊಂದು ವರ್ಷ, ಶನಿವಾರ ಮಧ್ಯಾಹ್ನ,
ಕಾನೂನಿಗೆ ತೇಪೆ ಹಾಕಿದ ಗುಮಾಸ್ತ ನಾನು.

ಚೀಟಿಗಳು ಅಂಚೆಯಲ್ಲಿ ಬರುತ್ತಿದ್ದವು,
ಬೆರಳಗಲದವು, ಅಂಗೈಯಗಲದವು;
ಈ ಪದಗಳ ಬದಲಿಗೆ ಎಂದು ಒಂದು,
ಬಿಟ್ಟುಬಿಡತಕ್ಕದ್ದು ಎಂದು ಇನ್ನೊಂದು.
ಹಳೆಯ ಸಾಲಿನ ಮೇಲೆ ಹೊಸ ಸಾಲು,
ಅದರ ಮೇಲೆ ಮತ್ತೊಂದು.
ಕೆಲವು ಪುಟ ರೊಟ್ಟಿಯಷ್ಟು ದಪ್ಪವಾಗಿ
ಪುಸ್ತಕಗಳು ಬೀರುವಿನಲ್ಲಿ
ಬಾಯಿ ತೆರೆದೇ ನಿದ್ದೆ ಮಾಡುತ್ತಿದ್ದವು.

ಅಂಚೆ ತಡವಾದರೆ ಕಾನೂನೂ ತಡ.
ಬೆಂಗಳೂರಲ್ಲಿ ಸತ್ತ ಕಲಮು
ಹಾಸನದಲ್ಲಿ ಇನ್ನೆರಡು ತಿಂಗಳು ಬದುಕಿರುತ್ತಿತ್ತು,
ಎದ್ದು ನಿಂತು ವಾದಿಸುತ್ತಿತ್ತು,
ಒಮ್ಮೊಮ್ಮೆ ಗೆಲ್ಲುತ್ತಲೂ ಇತ್ತು.

ಮುಬೀನಾ ಬಂದಳು, ಪೆನ್ಷನ್ ಮೊಹಲ್ಲಾದ ಹುಡುಗಿ,
ಕರಿಕೋಟಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.
ಬೀರು ತೆರೆದಳು, ಸೀನಿದಳು, ಮುಚ್ಚಿದಳು.
"ತೀರ್ಪುಗಳಿಗೆ ಕಾವಲು ಹಾಕಿದೀನಿ, ಸಣ್ಣೇಗೌಡ್ರೇ."
ಆಲೂಗೆಡ್ಡೆ ಹೊಲಕ್ಕೆ ಹಂದಿ ಕಾಯೋದು ಗೊತ್ತು ನನಗೆ,
ಅಟ್ಟಣೆ ಮೇಲೆ ಕೂತು ತಗಡು ಬಡಿಯುತ್ತ.
ತೀರ್ಪಿಗೆ ಎಂಥ ಹಂದಿ?
"ಹೊಸ ತೀರ್ಪು," ಅಂದಳು.
"ಯಾರು ಎಲ್ಲಿ ಇದನ್ನು ಮುಟ್ಟಿದರೂ
ಫೋನು ತಗಡು ಬಡಿಯುತ್ತೆ."

ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರವೊಂದು
ಒಂದು ದಿನ ಚಂದದ ತೀರ್ಪು ಹೇಳಿತು,
ಸಂಪುಟ, ಪುಟದ ಸಮೇತ.
ಬೀರುವಿನಿಂದ ಇಳಿಸಿ ಆ ಪುಟ ತೆಗೆದೆ.
ಅಲ್ಲಿದ್ದದ್ದು ಯಾರದೋ ಎಮ್ಮೆಯ ವ್ಯಾಜ್ಯ.
ಅಂದಿನಿಂದ ಇಬ್ಬರೂ ಸೇರಿಯೇ ನೋಡುತ್ತೇವೆ.
ಹೈಕೋರ್ಟಿನ ಪುಟ, ಗೆಜೆಟ್ಟು, ರಾತ್ರಿ ಬಂದ ಎಚ್ಚರಿಕೆಗಳು.
ನಾನು ಕಲಿಸಿದ್ದು ಒಂದೇ:
"ನೋಡಿದ ತಾರೀಕು ಬರಿ, ತಾಯಿ. ಗಂಟೆಯನ್ನೂ.
ನೆನ್ನೆ ನೋಡಿದ ಕಾನೂನು ನೆನ್ನೆಯ ಹಾಲು."

ಕಟ್ಟಾಯದ ನಿಂಗಾಜಮ್ಮನ ದಾವೆ:
ಬಾವಿಗೆ ಹೋಗುವ ದಾರಿ, ಒಂಬತ್ತು ಅಡಿ,
ಪಕ್ಕದವರು ಬೇಲಿ ಹಾಕಿ ಆರು ವರ್ಷ.
ನಮ್ಮ ವಾದಕ್ಕಿದ್ದದ್ದು ಒಂದೇ ಕಂಬ,
ಮೂರನೇ ಖಾನೆಯ ಹಳೆಯ ತೀರ್ಪು,
ಪದ್ಮರಾಜಯ್ಯನವರಿಗೆ ಬಾಯಿಪಾಠ.
ವಾದದ ಹಿಂದಿನ ರಾತ್ರಿ, ಹತ್ತೂ ಮುಕ್ಕಾಲು,
ತಗಡು ಬಡಿಯಿತು.
ದೊಡ್ಡ ಪೀಠ ಆ ಕಂಬವನ್ನು
ಮಧ್ಯಾಹ್ನವೇ ಕೆಡವಿತ್ತು.

ಎದುರು ವಕೀಲರು ವೀರಭದ್ರಯ್ಯ,
ಎದೆಗೊತ್ತಿ ಹಿಡಿದದ್ದು ಬೈಂಡು ಪುಸ್ತಕ.
ಅವರ ಅಂಚೆ ಇನ್ನೂ ಬಂದಿರಲಿಲ್ಲ.
ಸುಮ್ಮನಿದ್ದರೆ ಸತ್ತದ್ದು
ಇನ್ನೊಂದು ದಿನ ಎದ್ದು ವಾದಿಸುತ್ತಿತ್ತು.
ಹಳಬರು ನಾವಿಬ್ಬರೂ
ಫ್ಯಾನಿನ ಕಡೆ ನೋಡಿದೆವು.

ಹುಡುಗಿ ಎದ್ದಳು.
"ಸ್ವಾಮಿ, ನಾವು ನೆಚ್ಚಿದ ತೀರ್ಪು ನೆನ್ನೆಯಿಂದ ಇಲ್ಲ.
ಪ್ರತಿ ತಂದಿದ್ದೇನೆ, ಅವರಿಗೂ ಒಂದು.
ಹದಿನೇಳನೇ ಪ್ಯಾರಾ ಮಾತ್ರ
ಬಾವಿಯ ದಾರಿಯನ್ನು ಮುಟ್ಟದೆ ಬಿಟ್ಟಿದೆ.
ಅಲ್ಲಿ ನಿಂತು ಹೇಳುತ್ತೇನೆ, ಅವಕಾಶ ಕೊಟ್ಟರೆ."
ಬೆಳಗಿನವರೆಗೆ ಅವಳು ಹುಡುಕಿದ್ದು ಅಷ್ಟು ಜಾಗ.
ನ್ಯಾಯಾಧೀಶರು ಕನ್ನಡಕ ತೆಗೆದರು, ಹಾಕಿದರು,
ಮುಂದಿನ ತಾರೀಕು ಕೊಟ್ಟರು.

ಮೆಟ್ಟಿಲ ಮೇಲೆ ನಿಂಗಾಜಮ್ಮ:
"ಅವರಿಗೆ ಗೊತ್ತೇ ಇರಲಿಲ್ವಂತಲ್ಲ, ನೀನ್ಯಾಕವ್ವ ಹೇಳ್ದೆ?"
ಮುಬೀನಾಳ ಹತ್ತಿರ ಉತ್ತರವಿತ್ತು, ಉದ್ದದ್ದು.
ಅರ್ಧಕ್ಕೆ ನಿಲ್ಲಿಸಿದಳು.
ಕ್ಯಾಂಟೀನಿನಲ್ಲಿ ಟೀ ಹೇಳಿದೆ.
ದುಡ್ಡು ಕೊಟ್ಟವಳು ನಿಂಗಾಜಮ್ಮ, ಬೇಡವೆಂದರೂ,
ಮುಖ ಆ ಕಡೆ ತಿರುಗಿಸಿಕೊಂಡೇ.

ಸಂಜೆ ಮೈದಾ ಕಲಸಿದೆ, ಎಷ್ಟೋ ವರ್ಷದ ಮೇಲೆ.
ಸಂಪುಟ ಇಳಿಸಿ, ಚೀಟಿಯ ಮೇಲೆ ಬರೆದೆ:
ಇದು ಈಗಿಲ್ಲ. ತಾರೀಕು. ಹತ್ತೂ ಮುಕ್ಕಾಲು.
ಪರದೆಯ ಮೇಲೆ ಕೆಂಪು ಬಾವುಟ ಇದೆಯಲ್ಲ,
ಸಾಕು ಬಿಡಿ, ಅನ್ನುತ್ತಾಳೆ ಅವಳು.
ಸಾಕು, ನಿಜ.
ಆದರೆ ನನ್ನ ಪುಟವನ್ನು ಟ್ಯೂಬ್‌ಲೈಟಿಗೆ ಹಿಡಿದರೆ
ಒದ್ದೆ ಚೀಟಿಯ ಕೆಳಗೆ ಹಳೆಯ ಸಾಲು
ಇನ್ನೂ ಕಾಣುತ್ತೆ, ಮಸುಕಾಗಿ,
ಬೇಲಿಯ ಸಂದಿಯಲ್ಲಿ ದಾರಿ ಕಂಡ ಹಾಗೆ.