ಸೀಮೆಸುಣ್ಣದ ಗೆರೆ

ವೇಮಗಲ್‌ನ ಶೆಡ್ಡಿನಲ್ಲಿ ಪ್ಲೈವುಡ್ಡಿನ ಕಾಕ್‌ಪಿಟ್ಟು.
ಹಾರುವುದಿಲ್ಲ. ಬಾಗಿಲಿಲ್ಲ. ಸೀಟು ಮಾತ್ರ ನಿಜದ್ದು,
ಯಾವುದೋ ಹಳೆ ಹೆಲಿಕಾಪ್ಟರಿನದು, ಬೆನ್ನು ಹರಿದದ್ದು.
ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಹಗಲನ್ನು ರಾತ್ರಿ ಮಾಡಿ
ನಾನು ಒಂದೊಂದಾಗಿ ಕೆಡಿಸುತ್ತೇನೆ:
ಮೊದಲು ಗೇರ್‌ಬಾಕ್ಸಿನ ಎಣ್ಣೆ, ಆಮೇಲೆ ಹೈಡ್ರಾಲಿಕ್ಕು,
ಆಮೇಲೆ ಎರಡನೇ ಜನರೇಟರು.
ಪರದೆಯ ಮೇಲೆ ನಲವತ್ತೊಂದು ಚೌಕ,
ಮೂರು ವರ್ಷ ಕೂತು ಜೋಡಿಸಿದ್ದು.
ನನಗೆ ಹೆಮ್ಮೆಯಿತ್ತು.

ಸ್ಕ್ವಾಡ್ರನ್ ಲೀಡರ್ ಬರುವಾ ಹೆಲ್ಮೆಟ್ ತೆಗೆದು
ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು.
‘ದೀಪಾವಳಿ ಚೆನ್ನಾಗಿದೆ’ ಅಂದರು.
ಬೆರಳಿಗೆ ಸುತ್ತಿದ್ದ ಬ್ಯಾಂಡೇಜು ಬಿಚ್ಚಿ
ಹದಿನೇಳನೇ ಚೌಕಕ್ಕೆ ಅಂಟಿಸಿದರು.
‘ನಮ್ಮಲ್ಲಿ ಇದಕ್ಕೆ ಹೀಗೇ ಮಾಡೋದು.
ಲೋಹದ ಚೂರು, ಲೋಹದ ಚೂರು ಅಂತ ಅರಚುತ್ತೆ,
ಇಳಿಸಿ ಬಿಚ್ಚಿ ನೋಡಿದರೆ ಬರೀ ಮಸಿ.
ಮೂರು ಸಲ ಸುಳ್ಳು ಹೇಳಿದವನ ಬಾಯಿ ಮುಚ್ಚದೆ ಇನ್ನೇನು?
ನಾಲ್ಕನೇ ಸಲ ನಿಜ ಹೇಳಿಬಿಟ್ಟರೆ...
ಅದನ್ನೇ ಯೋಚಿಸ್ತಾ ಹಾರ್ತೀನಿ.’

ಆಮೇಲೆ, ನೀರು ಕುಡಿದು:
‘ಒತ್ತಡ ಎರಡು ಪಾಯಿಂಟ್ ಏಳು ಅಂತ ಬರೆದಿದ್ದೀಯ.
ಕೆಳಗೆ ಕಣಿವೆ, ಹಿಂದೆ ಸ್ಟ್ರೆಚರಿನಲ್ಲಿ ಒಬ್ಬ ಹುಡುಗ.
ಎರಡು ಪಾಯಿಂಟ್ ಏಳನ್ನು ಇಟ್ಟುಕೊಂಡು ನಾನೇನು ಮಾಡಲಿ?
ಎಷ್ಟು ಹೊತ್ತು, ಹೇಳು. ಎಷ್ಟು ಎತ್ತರ.
ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು.
ಗೊತ್ತಿಲ್ಲ ಅನ್ನೋದಕ್ಕೆ ಯಾವ ಬಣ್ಣ ಇಟ್ಟಿದ್ದೀಯ?’

ಇಟ್ಟಿರಲಿಲ್ಲ.

ಕೋಲಾರದಲ್ಲಿ ಬಸ್ಸು ಬದಲಿಸಿ, ಬಂಗಾರಪೇಟೆ ದಾಟಿ
ಮನೆಗೆ ಹೋದೆ. ಸೈನೈಡ್ ದಿಬ್ಬದ ದೂಳು
ಇವತ್ತಿಗೂ ಹಲ್ಲಿಗೆ ಸಿಗುವ ಊರು ನಮ್ಮದು.
ತಾತ ಚೌರಪ್ಪ ಅಲ್ಲಿ ವೈಂಡಿಂಗ್ ಡ್ರೈವರಾಗಿದ್ದ.
ಪಾತಾಳಕ್ಕೆ ಇಳಿಯುವ ಕೇಜು, ಕೇಜಿನಲ್ಲಿ ಇಪ್ಪತ್ತು ಜನ,
ಅವರ ಮುಖ ಅವನಿಗೆ ಕಾಣದು.
ಕಾಣುವುದು ಆಳೆತ್ತರದ ಗಡಿಯಾರದಂಥದ್ದೊಂದು, ಒಂಟಿ ಮುಳ್ಳು;
ಹೊತ್ತು ತೋರಿಸದೆ ಆಳ ತೋರಿಸುತ್ತಿತ್ತು.
ಅಂಚಿಗೆ ಕಂಪನಿ ಕೊರೆಸಿದ ಹಿತ್ತಾಳೆಯ ಗುರುತು,
ಅದಕ್ಕೂ ತುಸು ಮೊದಲೇ ತಾತನ ಸೀಮೆಸುಣ್ಣ.
ಏಳು ವರ್ಷದವಳು ನಾನು, ಯಾಕೆ ಅಂತ ಕೇಳಿದ್ದೆ.
‘ಹಗ್ಗ ಹಿಗ್ಗುತ್ತೆ ಕಣಮ್ಮ. ಹಿತ್ತಾಳೆ ಹಿಗ್ಗಲ್ಲ.’

ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಯಾರೋ ಬಂದು
ಒದ್ದೆ ಬಟ್ಟೆಯಲ್ಲಿ ಒರೆಸಿ ಹೋಗುತ್ತಿದ್ದರಂತೆ.
ತಾತ ತುಟಿಪಿಟಕ್ಕೆನ್ನದೆ ಮತ್ತೆ ಎಳೆಯುತ್ತಿದ್ದ,
ಹಗ್ಗ ಹಿಗ್ಗಿದಷ್ಟು ಸರಿಸಿ.
ಆ ಗೆರೆಗೆ ಹೆಸರಿಲ್ಲ, ಅಂಕಿಯಿಲ್ಲ.
ಬ್ರೇಕಿಗೆ ಕೈ ಹೋಗಬೇಕಾದ ಜಾಗ, ಅಷ್ಟೆ.

ಮರುದಿನ ನಲವತ್ತೊಂದನ್ನೂ ಆರಿಸಿದೆ,
ಕೆಟ್ಟಾಗ ಮಾತ್ರ ಬನ್ನಿ ಅಂದೆ.
ಎಷ್ಟು ದೊಡ್ಡ ಕತ್ತಲಿತ್ತು ಆ ಗಾಜಿನಲ್ಲಿ!
ದಿಗಿಲಾಯಿತು. ಈ ಕತ್ತಲು ಕ್ಷೇಮವೋ, ಕಡಿದ ತಂತಿಯೋ?
ಮೂಲೆಯಲ್ಲೊಂದು ಬಿಳಿ ಚುಕ್ಕೆ ಉಳಿಸಿಕೊಂಡೆ,
ಪಕ್ಕದ ಮಂಚದಿಂದ ಬರುವ ಉಸಿರಿನಷ್ಟು.
ಎಣ್ಣೆಯ ಅಂಕಿ ತೆಗೆದೆ. ಅದರ ಜಾಗದಲ್ಲಿ ಪಟ್ಟಿ:
ಇನ್ನು ಹನ್ನೊಂದು ನಿಮಿಷ, ಇದಕ್ಕಿಂತ ಮೇಲೆ ಬೇಡ.
ಅಂದಾಜು ಸವೆಯುವ ಕಡೆ ಪಟ್ಟಿಯೂ ಮಸುಕು.
ಗೊತ್ತಿಲ್ಲದ್ದಕ್ಕೆ ಬೂದಿ ಬಣ್ಣ ಕೊಟ್ಟೆ,
ನಮ್ಮೂರ ದಿಬ್ಬದ್ದು.
ಕೊನೆಗೆ, ಬೆರಳಿಟ್ಟು ಎಳೆದರೆ ನಿಲ್ಲುವ ಒಂದು ಗೆರೆ;
ಎಲ್ಲಿ ನಿಲ್ಲಬೇಕೆಂದು ನಾನು ಹೇಳಲಿಲ್ಲ,
ಹಾರುವವಳು ಹೇಳಲಿ.

ಸಮಿತಿಯಿಂದ ಪತ್ರ ಬಂದಿದೆ: ಈ ಗೆರೆಗೆ ಆಧಾರವೇನು?
ಗುರುವಾರದೊಳಗೆ ಕಾಲಮ್ಮು ತುಂಬಬೇಕು.
‘ಹಗ್ಗ’ ಎಂದು ಬರೆದು ಹೊಡೆದುಹಾಕಿದ್ದೇನೆ, ಎರಡು ಸಲ.

ಬ್ಯಾಂಡೇಜು ಇನ್ನೂ ಗಾಜಿನ ಮೇಲೆಯೇ ಇದೆ.
ಅಂಚಿಗೆ ದೂಳು ಕೂತಿದೆ. ಒರೆಸಲು ಬಂದ ಹುಡುಗನಿಗೆ
ಅದೊಂದನ್ನು ಮುಟ್ಟಬೇಡ ಅಂದಿದ್ದೇನೆ,
ಕೆಳಗಿರುವವನು ನಿಜ ಹೇಳಲು ಕಲಿಯುವವರೆಗೆ.