ಮೂರು ಸಲ ದಾಟುವ ಹಳ್ಳ

ಅಂಚೆಯ ಸೈಕಲ್ಲಿನಲ್ಲಿ ದಿನಕ್ಕೆ ಮೂರು ಸಲ
ದಾಟುತ್ತೇನೆ ಇದನ್ನು.
ಮೊದಲ ಸಲ ಹಲಗೆ, ಎರಡನೆಯ ಸಲ ಸಿಮೆಂಟು ಕೊಳವೆ,
ಮೂರನೆಯದಕ್ಕೆ ಏನೂ ಇಲ್ಲ:
ಸೈಕಲ್ಲು ಹೆಗಲಿಗೆ, ಬೂಟು ನೀರಿಗೆ.

ಪೋಲೆಂಡಿನ ಈ ಪೂರ್ವದಂಚಿನಲ್ಲಿ ಇಂಥವು ಎಷ್ಟೋ.
ನಕಾಶೆಯಲ್ಲಿ ಕೂದಲೆಳೆಯಷ್ಟು ನೀಲಿ, ಹೆಸರಿಲ್ಲ.

ಮೇಲೆ ಜಾಬ್ರೊಜೆ: ನೀಲಿ ಬಳಿದ ಮರದ ಚರ್ಚು,
ಈರುಳ್ಳಿ ಗುಮ್ಮಟ. ಅವರ ಕ್ರಿಸ್‌ಮಸ್ಸು
ನಮಗಿಂತ ಹದಿಮೂರು ದಿನ ತಡ.
ನಡುವೆ ತಾತಾರರ ಲುಜಾನಿ:
ಹಸಿರು ಮಸೀದಿ, ಪೈನ್ ಮರಗಳಡಿ ಗೋರಿಗಳು,
ಅರ್ಧಚಂದ್ರ, ಅದರ ಕೆಳಗೆ ಪೋಲಿಷ್ ಅಕ್ಷರ.
ಕೆಳಗೆ ನನ್ನೂರು ಓಲ್ಶಿಂಕಾ.
ಇಟ್ಟಿಗೆ ಗೋಪುರ, ಕರೆಂಟು ಕಂಬದ ಮೇಲೆ ಕೊಕ್ಕರೆ ಗೂಡು.
ಅದರ ಭಾರಕ್ಕೆ ಎರಡು ಸಲ ಊರೇ ಕತ್ತಲಾಯಿತು.
ಕೆಡವುವ ಮಾತು ಯಾರೂ ಎತ್ತಲಿಲ್ಲ.

ಮೂರೂರಿಗೆ ಮೂರು ಪಂಚಾಂಗ.
ಹಳ್ಳಕ್ಕಿರುವುದು ಎರಡೇ ತಿಥಿ:
ಹೆಪ್ಪುಗಟ್ಟಿದ ದಿನ, ಬಿರುಕು ಬಿಟ್ಟ ದಿನ.

ಹೋದ ಬೇಸಗೆ ಬೀವರುಗಳು ಬಂದವು.
ಆಲ್ಡರ್ ಕಡಿದು ಕಟ್ಟೆ ಕಟ್ಟಿದವು.
ಲುಜಾನಿಯ ಹುಲ್ಲು ನಿಂತಲ್ಲೇ ಕೊಳೆಯಿತು,
ನಮ್ಮ ಬಾತುಗಳಿಗೆ ಕೆಸರು ಉಳಿಯಿತು.
ಎರಡೂ ಊರಿನ ಅರ್ಜಿ ಹೊತ್ತವಳು ನಾನೇ,
ಉತ್ತರ ತಂದವಳೂ ನಾನೇ: ಮುಟ್ಟಬಾರದು.

ರಾತ್ರಿ ಯಾರೋ ಒಂದೊಂದೇ ಕೋಲು ಎಳೆಯುತ್ತಿದ್ದರು.
ಯಾರೆಂದು ಗೊತ್ತು, ಹೇಳುವುದಿಲ್ಲ.
ಅವರ ಪಿಂಚಣಿಯೂ ಇದೇ ಚೀಲದಲ್ಲಿ ಹೋಗುತ್ತದೆ.

ಕಿತ್ತ ಕೋಲುಗಳ ರಾಶಿಯಲ್ಲಿ ಜೆಮಿಲಾಗೆ ಸಿಕ್ಕಿತು
ಬಟ್ಟೆ ಬಡಿಯುವ ಹಲಗೆ.
ಹಿಡಿಯ ಮೇಲೆ ಎರಡು ಉದ್ದ ಗೀರು, ನಡುವೆ ಒಂದು ಅಡ್ಡ.
ಏಣಿಯ ಚಿತ್ರ ಅಂದಳು ಅವಳು.
ಮೇಲೂರಿನವರ ಲಿಪಿಯಲ್ಲಿ ಅದು ನಕಾರ.
ನಾಸ್ತಾ ಅಜ್ಜಿಯದೇ, ಅಂದೆ.

ತೊಳೆದು, ಹಳೆಯ ಪೇಪರಿನಲ್ಲಿ ಸುತ್ತಿ,
ದಾರ ಬಿಗಿದು ನನ್ನ ಚೀಲಕ್ಕಿಟ್ಟಳು.
ಹರಿವಿಗೆ ಎದುರಾಗಿ ಹೋಗುವ ಪಾರ್ಸೆಲ್ಲಿಗೆ
ನನ್ನ ದರಪಟ್ಟಿಯಲ್ಲಿ ಸಾಲೇ ಇಲ್ಲ.

ನಾಸ್ತಾ ಹೊಸ್ತಿಲಲ್ಲೇ ಬಿಚ್ಚಿದಳು.
ತೂಗಿದಳು, ಮೂಸಿದಳು,
ಮೆಟ್ಟಿಲ ಕಲ್ಲಿಗೆ ಒಮ್ಮೆ ಬಡಿದಳು. ಒಳಗಿದ್ದ ಬೆಕ್ಕು ಓಡಿತು.
“ನನ್ನದಲ್ಲ,” ಎಂದಳು, “ನನ್ನದು ಇದಕ್ಕಿಂತ ಭಾರ.”
ಅರವತ್ತು ವರ್ಷ ನೆನೆದರೆ ಮರವೂ ಸವೆಯುತ್ತದಜ್ಜಿ, ಎಂದೆ.
ಅವಳು ನೋಡಿದ್ದು ತನ್ನ ಮಣಿಕಟ್ಟನ್ನು.

ಹಲಗೆ ವಾಪಸು ಕೊಡಲಿಲ್ಲ.
ಜೆಮಿಲಾಗೆಂದು ಒಂದು ಸೀಸೆ
ಉಪ್ಪಿನಲ್ಲಿಟ್ಟ ಅಣಬೆ ಕೊಟ್ಟಳು,
ಅಣಬೆ ಯಾವ ಕಾಡಿನದೆಂದು ಮಾತ್ರ ಹೇಳಬೇಡ, ಅಂದಳು.

ಸಂಜೆ ಮೂರನೆಯ ದಾಟಿನಲ್ಲಿ
ಬೂಟಿನ ದಾರ ಕಟ್ಟುವ ತೂತಿನ ತನಕ ನೀರಿತ್ತು,
ನಿನ್ನೆಗಿಂತ ಒಂದು ತೂತು ಮೇಲೆ.
ಇನ್ನೊಂದು ಕೋಲು ಕಿತ್ತಿದ್ದಾರೆ.