ತೂಕ

ಫೆಬ್ರವರಿಯಲ್ಲಿ ಅವುಗಳ ಬೆಲೆ ಅಡುಗೆಮನೆಯ ಸೂರಿನಷ್ಟಿತ್ತು.
ಮೇ ಹೊತ್ತಿಗೆ ಸೂರು, ಜೊತೆಗೊಂದು ಬಾಯ್ಲರು.
ಈಗ ಅಕ್ಟೋಬರು. ಸೂರು, ಬಾಯ್ಲರು,
ಮೇಲೊಂದು ಹಲ್ಲನ್ನೂ ಕಟ್ಟಿಸಬಹುದು ಅನ್ನುತ್ತದೆ ನನ್ನ ಲೆಕ್ಕ.
ಸೂರು ಮಾತ್ರ ಹಾಗೇ ತೊಟ್ಟಿಕ್ಕುತ್ತಿದೆ
ಶೆಫೀಲ್ಡಿನ ಈ ಏರುಬೀದಿಯಲ್ಲಿ,
ಕೆಳಗಿಟ್ಟ ಪಾತ್ರೆಗೆ, ಟಣ್, ಟಣ್,
ಯಾರೋ ಚಿಲ್ಲರೆ ಎಣಿಸಿದ ಹಾಗೆ.

ನೂರ ನಲವತ್ತಮೂರು ಬೆಳ್ಳಿ ಚಮಚ.
ಇಪ್ಪತ್ತೆರಡು ವರ್ಷ ವಾರವೆಲ್ಲ ಬಸ್ಸು ಓಡಿಸಿ, ಭಾನುವಾರ
ಅಬ್ಬಿಡೇಲ್ ರಸ್ತೆಯ ಹಳೆ ಸಾಮಾನಿನಂಗಡಿಗಳಲ್ಲಿ
ಬಗ್ಗಿ ಬಗ್ಗಿ ಆರಿಸಿದ್ದು.
ಹಿಡಿಯ ಬೆನ್ನಿಗೆ ಭೂತಗನ್ನಡಿ ಹಿಡಿದರೆ
ಕಿರೀಟ, ಒಂದು ಕಾಲೆತ್ತಿ ನಡೆವ ಸಿಂಹ,
ಆಮೇಲೆ ವರ್ಷಕ್ಕೊಂದರಂತೆ ಅಕ್ಷರ.
ನನಗೆ ಬೇಕಿದ್ದದ್ದು ಒಂದು ಸುತ್ತಿನ ಅಕ್ಷರಮಾಲೆ, ಅಷ್ಟೆ.
ಎಲ್ಲ ಸಿಕ್ಕವು. ಎಲ್ಲದಕ್ಕೂ ಕ್ಯೂ ನಿಲ್ಲುವ ದೇಶದಲ್ಲಿ
ಕ್ಯೂ ಒಂದು ಸಿಗಲಿಲ್ಲ.

ಮೊದಲೆಲ್ಲ ದಿನಕ್ಕೊಂದರಲ್ಲಿ ಮೊಸರನ್ನ ತಿನ್ನುತ್ತಿದ್ದೆ.
ಎಡ ಅಂಚು ಸವೆದವು ಬಲಗೈಯವರವು,
ಎಷ್ಟು ವರ್ಷ ಪಾತ್ರೆಯ ತಳ ಕೆರೆದರೋ, ಬೆಳ್ಳಿ ಓರೆಯಾಗಿದೆ.
ಬಲ ಅಂಚು ಸವೆದದ್ದು ಒಂದೇ ಒಂದಿದೆ.
ಯಾರೋ ಎಡಗೈಯವಳು.
ಆ ಕೈಯಲ್ಲಿ ತಿನ್ನಬೇಡ ಅಂತ ಅವಳನ್ನೂ ಗದರಿರಬೇಕು
ನನ್ನಜ್ಜಿ ನನ್ನನ್ನು ಗದರಿದ ಹಾಗೆ.
ಅವಳು ಮಾತು ಕೇಳಲಿಲ್ಲ. ನಾನು ಕೇಳಿದೆ.

ಬೆಲೆ ಏರಿದ್ದೇ ತಡ ನನ್ನ ಊಟ ಸ್ಟೀಲಿಗೆ ಇಳಿಯಿತು.
ಭೂತಗನ್ನಡಿ ಡ್ರಾಯರು ಸೇರಿತು,
ಹಿಟ್ಟು ತೂಗುವ ತಕ್ಕಡಿ ಮೇಜು ಹತ್ತಿತು.
ಎಡಗೈಯವಳು ಹದಿನೆಂಟು ಗ್ರಾಂ.
ನಡುರಾತ್ರಿ ಎದ್ದು ಫೋನಿನಲ್ಲಿ ದರ ನೋಡುತ್ತೇನೆ
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ;
ಇಳಿಯದಿರಲಿ ಎಂದು ಬೇಡುವುದೊಂದೇ ವ್ಯತ್ಯಾಸ.
ಏರಿದರೆ ಇನ್ನೂ ಏರಲಿ. ಇಳಿದರೆ, ಮತ್ತೆ ಏರುವ ತನಕ ಇರಲಿ.
ಇದನ್ನು ಇಟ್ಟುಕೊಳ್ಳುವುದು ಅನ್ನುತ್ತಾರೆಯೇ?
ಮಾರದೆ ಕೂತಿದ್ದೇನೆ, ಅಷ್ಟೆ.

ಪಕ್ಕದ ಮನೆಯ ಎನಿಡ್ ಸ್ಟ್ಯಾನಿಫೋರ್ತ್,
ಹದಿನೈದಕ್ಕೇ ಕಾರ್ಖಾನೆ ಸೇರಿ, ಮೈಗೆ ಕಂದು ಕಾಗದ ಸುತ್ತಿಕೊಂಡು
ಚಮಚಗಳಿಗೆ ಹೊಳಪು ಕೊಟ್ಟವಳು, ಹೇಳಿದಳು:
"ಲಕ್ಷ ಚಮಚದಲ್ಲಿ ನನ್ನ ಮುಖ ತಲೆಕೆಳಗಾಗಿ ಕಂಡಿದ್ದೇನೆ.
ಒಂದೂ ನನ್ನದಲ್ಲ. ಮಾರು, ಇಡು, ನನ್ನ ಕೇಳಬೇಡ.
ಸರಿಯಾದ ದಿನ ನೋಡಿ ಮಾರಿದವರನ್ನು ಮಾತ್ರ ನಾನು ಕಂಡಿಲ್ಲ."

ಶುಕ್ರವಾರ ಮಳೆ ಜೋರಾಯಿತು. ಪಾತ್ರೆ ತುಂಬಿತು.
ಎಲ್ಲವನ್ನೂ ದಿಂಬಿನ ಚೀಲಕ್ಕೆ ಸುರಿದು
ಹ್ಯಾಲಮನ ಅಂಗಡಿಗೆ ನಡೆದೆ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂದುಕೊಂಡೇ ಹೋದದ್ದು;
ಪಾಪ, ಅವನು ನ್ಯಾಯಸ್ಥ.
ತಕ್ಕಡಿಯ ಮುಖ ನನ್ನ ಕಡೆಗೇ ತಿರುಗಿಸಿಟ್ಟ.
ಅವನ ಕಾಲ ಬಳಿ ಒಂದು ಬಕೆಟ್ಟು,
ತುಂಬ ಚಮಚ, ಫೋರ್ಕು, ಯಾರದೋ ಮದುವೆಯ ಸಕ್ಕರೆ ಚಿಮುಟ,
ಸೋಮವಾರ ಕರಗಲಿಕ್ಕೆ ಹೊರಟವು.
ಅವನು ತೂಗಿ ಬರೆಯುವಷ್ಟರಲ್ಲಿ ನನ್ನ ಕೈ ಸುಮ್ಮನಿರಲಿಲ್ಲ,
ಒಂದೊಂದೇ ಮಗುಚಿ ನೋಡಿತು. ಕಿರೀಟ. ಸಿಂಹ.
ಬಾಲ ಇಳಿಬಿಟ್ಟ ಪುಟ್ಟ ಸೊನ್ನೆ.

"ಇದೆಷ್ಟು?"
"ನೀವು ಮಾರಲಿಕ್ಕಲ್ಲವೇ ಬಂದದ್ದು?"
"ಇದೆಷ್ಟು?"
ಇವತ್ತಿನ ದರ, ಅಂದ.
ಇವತ್ತಿನದು ಹಿಂದೆಂದೂ ಇರದ ದರ.
ಕೊಟ್ಟೆ.

ಬಸ್ಸಿನಲ್ಲಿ ತೊಡೆಯ ಮೇಲೆ ನೂರ ನಲವತ್ತನಾಲ್ಕು.
ಯಾರೂ ಕೇಳದಿದ್ದರೂ ಒಳಗೇ ಹೇಳಿಕೊಳ್ಳುತ್ತಿದ್ದೆ:
ಈ ಸುತ್ತಿನವು ಇರಲಿ,
ಸುತ್ತಿಗೆ ಸೇರದವು ಮುಂದಿನ ವಾರ ಖಂಡಿತ.
ಎಡಗೈಯವಳು ಯಾವ ಸುತ್ತಿಗೂ ಸೇರದವಳು.

ಮನೆಯಲ್ಲಿ ಪಾತ್ರೆ ಉಕ್ಕಿ ನೆಲವೆಲ್ಲ ಒದ್ದೆ.
ಒರೆಸಿದೆ. ಅನ್ನಕ್ಕೆ ಮೊಸರು ಕಲಸಿದೆ.
ಅವಳದನ್ನೇ ಹುಡುಕಿ ತೆಗೆದು
ಎಡಗೈಯಲ್ಲಿ ಹಿಡಿದೆ.
ಅಭ್ಯಾಸವಿಲ್ಲ. ಅರ್ಧ ಅನ್ನ ಮಡಿಲಿಗೆ ಬಿತ್ತು.